ಎಲ್ಡು ಅಂದರೆ

ಮಾರ್ಚ್ 3, ಸೋಮವಾರ

ಹನ್ನೊಂದು ಜೋಡಿ ಲೆನ್ಸ್ ಉಜ್ಜಿದೆ. ಒಂದು ಒಡೆಯಿತು. ತಪ್ಪು ನನ್ನದಲ್ಲ, ಯಂತ್ರದ ಕಲ್ಲು ಸವೆದಿದೆ. ಮಾಲೀಕರಿಗೆ ಹೇಳಿ ಹೇಳಿ ಬಾಯಿ ನೋವು. "ನೋಡೋಣಮ್ಮ" ಅಂತಾರೆ. ಕನ್ನಡಕದ ಅಂಗಡಿ ಇಟ್ಟವರು ಇನ್ನೇನು ಮಾಡಿಯಾರು, ನೋಡುತ್ತಾರೆ.

ಮೈನಸ್ ಹನ್ನೊಂದು ಬಂದಿದ್ದ. ಹೆಸರು ರಿಜಿಸ್ಟರಿನಲ್ಲಿದೆ, ನಮಗೆಲ್ಲ ಅವನು ಪವರಿನಿಂದಲೇ ಪರಿಚಯ. ಈ ಸಲವೂ ಕನ್ನಡಕದ ಮೇಲೆ ಕೂತಿದ್ದನಂತೆ. ಮೂರನೇ ಫ್ರೇಮ್.

ಮಧ್ಯಾಹ್ನ ತಮ್ಮನ ಹೆಂಡತಿ ಫೋನ್. ಅವಳು ಸುಮ್ಮನೆ ಫೋನ್ ಮಾಡುವವಳಲ್ಲ. "ಅತ್ತಿಗೆ, ಇವ್ರು ಕ್ರೇನ್‌ನಿಂದ ಇಳೀತಾನೇ ಇಲ್ಲ ಅಂತ ಸೈಟಿಂದ ಕರೆದಿದ್ರು. ಮೇಲೆ ಕೂತು ಏನೇನೋ ಕೂಗ್ತಿದ್ರಂತೆ." ನಾಲ್ಕು ಜನ ಹತ್ತಿ ಇಳಿಸಿದರಂತೆ. ಈಗ ಆಸ್ಪತ್ರೆಯಲ್ಲಿದ್ದಾನೆ. ಬಿಸಿಲು ತಲೆಗೇರಿರಬೇಕು ಅಂದೆ. ಬುಧವಾರ ರಜೆ, ಬರುತ್ತೇನೆ ಅಂದೆ.

ಮಾರ್ಚ್ 5, ಬುಧವಾರ. ಸಂಜೆ 5

ಬಿಸಿಲಲ್ಲ. ತಲೆಯ ಎಡಭಾಗದಲ್ಲಿ ಗಡ್ಡೆ. ನೆಲ್ಲಿಕಾಯಿಯಷ್ಟು, ಅಂದರು ಡಾಕ್ಟರಮ್ಮ. ಮಾತು ಹುಟ್ಟುವ ಜಾಗದ ಮೇಲೆಯೇ ಕೂತಿದೆಯಂತೆ. ಬಲಗೈ ಸೋತಿದೆ, ಮಾತು ಹೋಗಿದೆ. ನಲವತ್ತೊಂದು ವರ್ಷ ಅವನಿಗೆ. ಅಷ್ಟೆತ್ತರದಲ್ಲಿ ಕೂತು ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸುತ್ತಿದ್ದವನು ಈಗ ಚಮಚ ಎತ್ತಲಾರ.

ನನ್ನ ಗುರುತು ಸಿಕ್ಕಿತು. ಕಣ್ಣು ಅರಳಿತು. ಬಾಯಿ ತೆರೆದ. ಬಂದದ್ದು ಒಂದೇ ಮಾತು, ಬರೆಯಲೂ ನಾಚಿಕೆ… "ಹೇಲು."

ತಮ್ಮನ ಹೆಂಡತಿ ಮುಖ ಕಿಟಕಿಗೆ ತಿರುಗಿಸಿದಳು. ವಾರ್ಡಿನ ಆಯಾ ಬೆಡ್‌ಪ್ಯಾನ್ ಹಿಡಿದು ಓಡಿ ಬಂದಳು. ಅವನು ಎಡಗೈಯಲ್ಲಿ ತಳ್ಳಿದ. "ಹೇಲು! ಹೇಲು!"

"ಮೂರು ದಿನದಿಂದ ಇದೇ ಕಣಕ್ಕಾ," ಅಂದಳು ಆಯಾ. "ಕೇಳ್ತಾರೆ, ಇಟ್ರೆ ಒದೀತಾರೆ. ನಂಗಂತೂ ಸಾಕಾಗೋಯ್ತು."

ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿದ್ದವರು ಕಿಟಕಿ ಸೀಟು ಬಿಟ್ಟುಕೊಟ್ಟರು.

ಮಾರ್ಚ್ 6, ಗುರುವಾರ

ಲೆನ್ಸ್ ಉಜ್ಜುತ್ತಿದ್ದಾಗ ಥಟ್ಟನೆ ಹೊಳೆಯಿತು. ಯಂತ್ರ ನಿಲ್ಲಿಸಿಬಿಟ್ಟೆ. ಹೇಲು ಅಲ್ಲ. ಹೇಲ್. ಎಚ್, ಎ, ಐ, ಎಲ್.

ಅಪ್ಪ ಟಿ.ವಿ. ರಿಪೇರಿಯವರು. ಯಾರೋ ಒಂದು ವಿಡಿಯೋ ಗೇಮ್ ಪೆಟ್ಟಿಗೆ ರಿಪೇರಿಗೆ ಕೊಟ್ಟವರು ವರ್ಷವಾದರೂ ತಿರುಗಿ ಬರಲಿಲ್ಲ. ಅದರಲ್ಲಿ ಒಂದೇ ಕ್ಯಾಸೆಟ್, ಮೇಲಿನ ಚೀಟಿ ಹರಿದದ್ದು. ನಾವು ಅದಕ್ಕೆ "ಹಡಗು" ಅನ್ನುತ್ತಿದ್ದೆವು. ನಕ್ಷತ್ರಗಳ ನಡುವೆ ಓಡಾಡುವ ಹಡಗು. ಆಡುವವರೇ ಕ್ಯಾಪ್ಟನ್. ತೆರೆಯ ಕೆಳಗೆ ಇಂಗ್ಲಿಷಿನ ಹುಕುಂಗಳು, ಒಂದನ್ನು ಆರಿಸಿ ಒತ್ತಬೇಕು. ನನಗೆ ಹನ್ನೊಂದು ವರ್ಷ, ಅವನಿಗೆ ಏಳು. ಎಬಿಸಿಡಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಕೂಡಿಸಿ ಓದಿದ್ದೇ ಓದು, ನಾನು ಹೇಳಿದ್ದೇ ಅರ್ಥ.

ಹೇಲ್ ಒತ್ತಿದರೆ ಎದುರು ಹಡಗಿನವನ ಮುಖ ತೆರೆಯ ಮೇಲೆ ಬಂದು ಮಾತಾಡುತ್ತಿತ್ತು. ಆ ಪದಕ್ಕೆ ನಾವು ನಕ್ಕ ನಗು! ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡುತ್ತಿದ್ದೆವು. ಅಪ್ಪ ಗದರಿದಷ್ಟೂ ಜಾಸ್ತಿ.

ಅವನು ಬೆಡ್‌ಪ್ಯಾನ್ ಕೇಳುತ್ತಿಲ್ಲ. "ನನ್ನನ್ನು ಮಾತಾಡಿಸಿ" ಅಂತಿದ್ದಾನೆ. ನಾಲ್ಕು ದಿನದಿಂದ ಕೂಗುತ್ತಿದ್ದಾನೆ.

ಅರ್ಧ ದಿನ ರಜೆ ಹಾಕಿ ಓಡಿದೆ. ಮಂಚದ ಎದುರು ಕೂತು ಮುಷ್ಟಿಯನ್ನು ಮೈಕಿನಂತೆ ಬಾಯಿಗೆ ಹಿಡಿದೆ. "ಹಲೋ ಹಲೋ, ಎದುರು ಹಡಗಿಂದ ಮಾತಾಡ್ತಿದೀವಿ. ಹೇಳಿ ಕ್ಯಾಪ್ಟನ್ ಸಾಹೇಬ್ರೇ."

ನನ್ನ ಮುಷ್ಟಿ ಹಿಡಿದುಕೊಂಡ. ಬಿಡಲೇ ಇಲ್ಲ. ಊಟದ ತಟ್ಟೆ ಬಂದಾಗಲೂ ಬಿಡಲಿಲ್ಲ.

ಮಾರ್ಚ್ 8, ಶನಿವಾರ

ಹಡಗಿನ ಆಟದ ಇನ್ನೂ ನಾಲ್ಕು ಪದ ಸಿಕ್ಕವು. "ಡಾಕು" ಅಂದರೆ ಮಲಗಬೇಕು. "ಫ್ಯೂಲು" ಅಂದರೆ ಹಸಿವು. "ಶೀಲ್ಡು" ಅಂದರೆ ಹೊದಿಸು. "ಸ್ಕಾನು" ಅಂದರೆ ದೀಪ ಹಾಕು. ಒಂದು ಹಾಳೆಯಲ್ಲಿ ಬರೆದು ಮಂಚಕ್ಕೆ ಅಂಟಿಸಿದೆ. ಆಯಾ ಓದಿ ನಕ್ಕಳು. ಈಗ ಬೆಡ್‌ಪ್ಯಾನ್ ತರುವುದಿಲ್ಲ, ಪಕ್ಕ ಕೂತು ತನ್ನ ಸೊಸೆಯ ಚಾಡಿ ಹೇಳುತ್ತಾಳೆ. ಅವನು ಆಸಕ್ತಿಯಿಂದ ಕೇಳುತ್ತಾನೆ.

ಮಾತು ಕಲಿಸಲು ಒಬ್ಬರು ಬರುತ್ತಾರೆ. ಮಾತಿನ ಮೇಷ್ಟ್ರು ಅಂತ ಹೆಸರಿಟ್ಟಿದ್ದೇನೆ. ಅವರು ಹೇಳಿದ್ದು: "ಬುದ್ಧಿ ಸರಿಯಾಗೇ ಇದೆ. ನಾವ್ ಹೇಳೋದೆಲ್ಲ ಅರ್ಥ ಆಗತ್ತೆ. ಹೊರಗೆ ಬರೋ ದಾರಿ ಮುಚ್ಚಿದೆ ಅಷ್ಟೆ. ಚಿಕ್ಕಂದಿನಲ್ಲಿ ಸಾವಿರ ಸಲ ಹೇಳಿದ ಮಾತು ಬೇರೆ ಸಂದಿಯಿಂದ ನುಸುಳಿ ಬರತ್ತೆ." ಆದರೆ ಹೌದು, ಇಲ್ಲ ಎರಡೂ ಕಲಸಿಹೋಗಿವೆಯಂತೆ. "ನೀವು ಕುರ್ಚಿನಾ?" ಅಂತ ಕೇಳಿ ತೋರಿಸಿದರು. ತಮ್ಮ ಗಂಭೀರವಾಗಿ ತಲೆಯಾಡಿಸಿದ, ಹೌದು.

ಇಷ್ಟು ವರ್ಷದಲ್ಲಿ ನನ್ನಿಂದ ಯಾರಿಗೂ ಇಷ್ಟು ಉಪಯೋಗ ಆಗಿರಲಿಲ್ಲ. ಸುಳ್ಳೇಕೆ, ಜಂಬ ಬಂದಿದೆ.

ಮಾರ್ಚ್ 11, ಮಂಗಳವಾರ

ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. ಆಪರೇಷನ್ ಮಾಡಬಹುದು. ಅರ್ಧಕ್ಕರ್ಧ. ಬದುಕಿ ಮಾತೂ ಬರಬಹುದು. ಏಳದೇ ಹೋಗಬಹುದು. ಮಾಡದಿದ್ದರೆ ಎರಡು ಮೂರು ತಿಂಗಳು, ಮನೆಯಲ್ಲಿ, ನೋವಿಲ್ಲದಂತೆ ನೋಡಿಕೊಳ್ಳಬಹುದು. ಇಪ್ಪತ್ತೊಂದನೇ ತಾರೀಖಿನೊಳಗೆ ಮಾಡಿದರೆ ಉಂಟು, ಆಮೇಲೆ ಉಪಯೋಗವಿಲ್ಲ.

"ಹೆಂಡತಿ ರುಜು ಸಾಕು ಕಾಗದಕ್ಕೆ. ಆದರೆ ಅವರಿಗೆ ಬುದ್ಧಿ ಇದೆ. ಅವರ ಮಾತು ಕೇಳ್ದೆ ನಾನು ತಲೆ ಮುಟ್ಟಲ್ಲ."

ತಮ್ಮನ ಮುಂದೆ ಬಗ್ಗಿ ಬೆರಳು ತೋರಿಸಿ ಕೇಳಿದರು. "ಒಂದು, ಆಪರೇಷನ್. ಎರಡು, ಬೇಡ, ಮನೆಗೆ ಹೋಗೋಣ. ಒಂದಾ? ಎರಡಾ?"

ತುಂಬ ಹೊತ್ತು ಅವರನ್ನೇ ನೋಡಿದ. ಆಮೇಲೆ ನನ್ನನ್ನು. ಸ್ಪಷ್ಟವಾಗಿ ಹೇಳಿದ: "ಎಲ್ಡು."

"ಅಯ್ಯೋ ದೇವ್ರೇ," ಅಂದಳು ಆಯಾ. "ನಮ್ ಕಡೆ ಎರಡಕ್ಕೆ ಎಲ್ಡು ಅಂತಾನೇ ಅನ್ನೋದು."

ತಮ್ಮನ ಹೆಂಡತಿ ಎದ್ದು ಹೊರಗೆ ಹೋದಳು.

ಮಾರ್ಚ್ 12, ಬುಧವಾರ

ಒಪ್ಪಲಿಲ್ಲ ನಾನು. ಇಪ್ಪತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ಇದ್ದೇನೆ. ಕಣ್ಣು ಪರೀಕ್ಷೆಯಲ್ಲಿ "ಒಂದು ಚೆನ್ನಾಗಿದೆಯಾ, ಎರಡಾ?" ಅಂತ ಕೇಳಿದರೆ ಗಾಬರಿಯಾದವರು ಕೊನೆಯಲ್ಲಿ ಕಿವಿಗೆ ಬಿದ್ದದ್ದನ್ನೇ ಹೇಳುತ್ತಾರೆ. ಅದಕ್ಕೇ ತಿರುಗಿಸಿ ಕೇಳುವುದು. ಡಾಕ್ಟರಮ್ಮನಿಗೆ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ತಿರುಗಿಸಿ ಕೇಳಿದರು. ಈಗ ಒಂದು ಅಂದರೆ ಮನೆ, ಎರಡು ಅಂದರೆ ಆಪರೇಷನ್.

"ಎಲ್ಡು."

ಎ, ಬಿ ಅಂತ ಕೇಳಿದರು. "ಎಲ್ಡು." ಕೆಂಪು ಚೀಟಿ, ನೀಲಿ ಚೀಟಿ ಹಿಡಿದರು. ಎರಡನ್ನೂ ತಳ್ಳಿ, "ಎಲ್ಡು, ಎಲ್ಡು." ನನ್ನ ಕಡೆಗೇ ನೋಡುತ್ತಾನೆ.

ಅದು ಎರಡಲ್ಲ. ನಮ್ಮ ಮನೆಯಲ್ಲಿ ಯಾರೂ ಎಲ್ಡು ಅಂದವರಲ್ಲ. ಅಲ್ಲೇ ನಿಂತಿದ್ದ ಹಾಗೆ ಗೊತ್ತಾಯಿತು. ಗೊತ್ತಾಗಿ ಬಾಯಿ ಬಿಡಲಿಲ್ಲ. ಮನೆಗೆ ಬಂದು ಬರೆಯುತ್ತಿದ್ದೇನೆ.

ಹಡಗಿನ ಆಟದಲ್ಲಿ ವೈರಿ ಎದುರಾದರೆ ಎರಡೇ ಹುಕುಂ. ಮೇಲಿನದು ಎಫ್, ಐ, ಜಿ, ಎಚ್, ಟಿ. ನಾವು ಓದಿದ್ದು ಫಿಗ್ಟು. ಕೆಳಗಿನದು ವೈ, ಐ, ಇ, ಎಲ್, ಡಿ. ನಾವು ಓದಿದ್ದು ಎಲ್ಡು. ಫಿಗ್ಟು ಒತ್ತಿದರೆ ಕಾದಾಟ. ಎಲ್ಡು ಒತ್ತಿದರೆ ಆಡುತ್ತಿದ್ದವರ ಸರದಿ ಮುಗಿಯುತ್ತಿತ್ತು. ನನಗೆ ಅದು ಎರಡೇ ದಿನದಲ್ಲಿ ತಿಳಿಯಿತು. ಅವನಿಗೆ ಹೇಳಿದ್ದು ಬೇರೆ. "ಎಲ್ಡು ಅಂದ್ರೆ ಗೆಲ್ಲೋದು ಕಣೋ, ಒತ್ತು." ಒತ್ತುತ್ತಿದ್ದ. ನನ್ನ ಸರದಿ ಬರುತ್ತಿತ್ತು. "ಗೆದ್ದೆ ನೋಡು, ಗೆದ್ದೋರು ಜಾಗ ಬಿಟ್ಟು ಏಳ್ಬೇಕು." ಎದ್ದು ಗೋಡೆಗೊರಗಿ ಕೂತು ನಾನು ಆಡುವುದನ್ನು ನೋಡುತ್ತಿದ್ದ. ಪೆಟ್ಟಿಗೆ ಸುಟ್ಟುಹೋಗುವವರೆಗೆ, ಎರಡು ವರ್ಷ.

ಇಂಗ್ಲಿಷ್ ಬಲ್ಲವರಿಗೆ ಅದು ಸೋಲೊಪ್ಪುವುದು. ನನ್ನ ಸುಳ್ಳನ್ನು ಅವನು ಇನ್ನೂ ನಂಬಿದ್ದರೆ ಗೆಲ್ಲುವುದು. ಒಂದರಲ್ಲಿ ಆಪರೇಷನ್ ಬೇಡ, ಇನ್ನೊಂದರಲ್ಲಿ ಮಾಡಿ. ಅವನು ಯಾವುದನ್ನು ಹೇಳುತ್ತಿದ್ದಾನೆ? ಆ ಸುಳ್ಳು ಅವನಿಗೆ ಎಂದಾದರೂ ಗೊತ್ತಾಯಿತೇ? ನಾನು ಕೇಳಿಲ್ಲ. ಅವನು ಹೇಳಿಲ್ಲ.

ಮಾರ್ಚ್ 15, ಶನಿವಾರ

ಎರಡು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಉಗುಳಲೂ ಆಗದು, ನುಂಗಲೂ ಆಗದು. ನಾನು ಸುಮ್ಮನಿದ್ದರೆ, ಅವನ ಮಾತು ತಿಳಿಯದೆ ಡಾಕ್ಟರಮ್ಮ ತಲೆ ಮುಟ್ಟುವುದಿಲ್ಲ, ಮನೆಗೆ ಕರೆದೊಯ್ಯುತ್ತಾರೆ. ಗಾಲಿಕುರ್ಚಿಗೆ ಹೇಳಿಯಾಗಿದೆ. "ಅದರರ್ಥ ಗೆಲುವು" ಅಂದರೆ ತಲೆ ಸೀಳುತ್ತಾರೆ. ಹೋದರೆ… ನನ್ನ ಮಾತಿಗೆ ಹೋಗುತ್ತಾನೆ. ಹನ್ನೊಂದು ವರ್ಷದ ಹುಡುಗಿಯ ಮೋಸಕ್ಕೆ.

ಕೊನೆಗೆ ತಮ್ಮನ ಹೆಂಡತಿಗೆ ಎಲ್ಲ ಹೇಳಿದೆ. ಕಾರಿಡಾರಿನ ಬೆಂಚಿನ ಮೇಲೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಮೆಲ್ಲಗೇ ಮಾತಾಡಿದಳು, ಅದು ಇನ್ನೂ ಕಷ್ಟ.

"ಹದಿನಾಲ್ಕು ವರ್ಷ ಬಾಳಿದೀನಿ ಅತ್ತಿಗೆ ಇವ್ರ ಜೊತೆ. ಈ ಹಡಗಿನ ವಿಷ್ಯ ಒಂದ್ ದಿನ ಎತ್ತಿಲ್ಲ. ನಾನಾಡಿದ ಒಂದ್ ಮಾತೂ ಇವ್ರ ಬಾಯಲ್ಲಿ ಉಳ್ದಿಲ್ಲ. ನನ್ ಹೆಸರೂ ಬರಲ್ಲ. ನಿಮ್ಮಿಬ್ರ ಆಟದ್ ಮಾತು ಉಳ್ಕೊಂಡಿದೆ. ಈಗ ಅದಕ್ಕೂ ಅರ್ಥ ಗೊತ್ತಿಲ್ಲ ಅಂತೀರಿ."

ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು. ಆಮೇಲೆ ಅವಳೇ ಅಂದಳು, "ತಿಳ್ಕೊಳಕ್ಕೆ ಏನಾದ್ರೂ ದಾರಿ ಇದ್ರೆ ನೋಡಿ."

ಮಾರ್ಚ್ 17, ಸೋಮವಾರ

ಮೈನಸ್ ಹನ್ನೊಂದು ಕನ್ನಡಕ ಒಯ್ಯಲು ಬಂದ. ಮೂಗಿನ ಮೇಲೆ ಕೂರಿಸಿ ಕಿವಿ ಹತ್ತಿರ ಸರಿಮಾಡುತ್ತಿದ್ದೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ. "ಏನಾಯ್ತು ಮೇಡಂ?" ಅಂದ. ಹೇಳಿಬಿಟ್ಟೆ. ಹಳೇ ಪೆಟ್ಟಿಗೆ, ಹಡಗು, ಕ್ಯಾಸೆಟ್…

"ಕೆಳಗಡೆ ಹಸಿರು ಪಟ್ಟಿ ಬರತ್ತಾ? ಕ್ಯಾಪ್ಟನ್ ಖುರ್ಚಿ ಬೆನ್ನು ಮಾತ್ರ ಕಾಣ್ಸತ್ತಾ?" ಅಂದ. ಹೌದು ಅಂದೆ. ಅವನು ಹಳೆಯ ಗೇಮುಗಳನ್ನು ಕೂಡಿಹಾಕುವವನಂತೆ. ಮನೆತುಂಬ ಅವೇ ಅಂತೆ, ಅದಕ್ಕೇ ಮದುವೆಯಾಗಿಲ್ಲವಂತೆ. ಆರು ವರ್ಷದಿಂದ ಬರುವ ಗಿರಾಕಿ, ಪವರ್ ಬಿಟ್ಟು ಇನ್ನೇನೂ ಕೇಳಿರಲಿಲ್ಲ ನಾನು.

ಸಂಜೆ ಪೆಟ್ಟಿಗೆ, ಗುಂಡಿ ಒತ್ತಿ ಆಡುವ ಎರಡು ಹಿಡಿಕೆ, ಕ್ಯಾಸೆಟ್ ಎಲ್ಲ ತಂದುಕೊಟ್ಟ. ಜೊತೆಗೆ ಆಟದ ಪುಸ್ತಕವೂ ಇತ್ತು, ನಾವು ಎಂದೂ ಕಾಣದ್ದು. ಅವನೇ ಓದಿ ಹೇಳಿದ. "ಫೈಟ್ ಒತ್ತಿ ಸೋತ್ರೆ ಹಡಗು ಸುಟ್ಟುಹೋಗತ್ತೆ. ಯೀಲ್ಡ್ ಒತ್ತಿದ್ರೆ ಸೋತ ಹಾಗಲ್ಲ ಮೇಡಂ. ಹಡಗು ಹಾಗೇ ಉಳಿಯತ್ತೆ. ಕ್ಯಾಪ್ಟನ್ ಖುರ್ಚಿ ಮಾತ್ರ ಪಕ್ಕದವರಿಗೆ. ಇಂಧನ, ಗುಂಡು, ಪಾಯಿಂಟ್ ಎಲ್ಲ ಅವರದ್ದೇ."

ಅಂದರೆ ನಾನು ಎರಡು ವರ್ಷ ಆಡಿದ್ದು ಅವನು ಗಳಿಸಿದ್ದರಲ್ಲಿ. ಜಾಣೆ ಅಂದುಕೊಂಡಿದ್ದೆ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3

ವಾರ್ಡಿನ ಕೊನೆಯಲ್ಲಿ ರೋಗಿಗಳು ಕೂರುವ ಕೋಣೆ. ಗೋಡೆಗೆ ಟಿ.ವಿ. ಮೈನಸ್ ಹನ್ನೊಂದು ತಂತಿ ಜೋಡಿಸಿಕೊಟ್ಟು ಹೋದ. ತಮ್ಮನ ಹೆಂಡತಿ ಗಾಲಿಕುರ್ಚಿ ತಳ್ಳಿಕೊಂಡು ಬಂದಳು.

ಸಂಗೀತ ಶುರುವಾದ ಕೂಡಲೇ ಅವನ ಬೆನ್ನು ನೆಟ್ಟಗಾಯಿತು. ಹಿಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎಡ ಹೆಬ್ಬೆರಳಿನಲ್ಲಿ ಆಡಿದ. ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ. ಮೂರು ಗ್ರಹ ದಾಟಿದ. "ನೋಡ್ರೀ, ಹೆಂಗ್ ಓಡಿಸ್ತಾರೆ!" ಅಂದಳು ಹೆಂಡತಿ, ಅವಳ ಮುಖ ಇಷ್ಟು ದಿನದಲ್ಲಿ ಮೊದಲ ಸಲ ಬಿಚ್ಚಿಕೊಂಡಿತ್ತು.

ವೈರಿ ಹಡಗು ಬಂತು. ಎರಡು ಹುಕುಂ. ಎಲ್ಡು ಒತ್ತಿ ಗೆದ್ದವನ ಹಾಗೆ ನಕ್ಕರೆ ಅವನಿಗೆ ಗೊತ್ತಿಲ್ಲ ಅಂತ.

ಬೆರಳು ಕೆಳಗೆ ಸರಿಸಿದ. ಒತ್ತಲಿಲ್ಲ. ನೆಲದ ಮೇಲೆ ಬಿದ್ದಿದ್ದ ಎರಡನೇ ಹಿಡಿಕೆಯನ್ನು ಬಗ್ಗಿ ಎತ್ತಿ, ನನ್ನ ಕೈಗಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಸರಿಯಾಗಿ ಕೂರಿಸಿದ. ಆಮೇಲೆ ಒತ್ತಿದ.

"ಎಲ್ಡು," ಅಂದ. ಸರದಿ ನನಗೆ ಬಂತು.

"ನಿಂಗೆ ಗೊತ್ತಿತ್ತೇನೋ?" ಅಂದೆ. ಅರ್ಧ ಮುಖದಲ್ಲಿ ನಕ್ಕ. ಆ ಕಳ್ಳನಗು. ಗೊತ್ತಿತ್ತು. ಗೊತ್ತಿದ್ದೇ ಬಿಟ್ಟುಕೊಡುತ್ತಿದ್ದ.

ಡಾಕ್ಟರಮ್ಮನಿಗೂ ಅದನ್ನೇ ಹೇಳಿದ್ದು. ಎರಡು ಅಲ್ಲ, ಸೋಲು ಅಲ್ಲ, ಗೆಲುವೂ ಅಲ್ಲ. ಅಕ್ಕ ಹೇಳಲಿ ಅಂತ.

ಮಾರ್ಚ್ 19, ಬುಧವಾರ

ಸಿಟ್ಟು. ಅವನ ಮೇಲೆ. ನಿನ್ನ ತಲೆ, ನಿನ್ನ ಜೀವ, ನನ್ನ ಮಡಿಲಿಗೆ ಯಾಕೆ ಹಾಕುತ್ತೀಯ? ವಾರ್ಡಿನಲ್ಲೇ ಬಾಯಿಗೆ ಬಂದಂತೆ ಬೈದೆ. ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡ. ಆಯಾ ನನ್ನನ್ನು ಹೊರಗೆ ಎಳೆದುಕೊಂಡು ಹೋದಳು.

ತಮ್ಮನ ಹೆಂಡತಿ ಬಂದು ಪಕ್ಕ ಕೂತಳು. "ನೀವ್ ಹೇಳಿದ್ದಕ್ಕೆ ರುಜು ಹಾಕ್ತೀನಿ ಅತ್ತಿಗೆ. ಏನಾದ್ರೂ ನಿಮ್ಮನ್ನ ದೂರಲ್ಲ."

ಕೆಟ್ಟ ಮಾತು ಅದು. ದೂರುತ್ತೇನೆ ಅಂದಿದ್ದರೆ ಸುಲಭವಿತ್ತು.

ಮಾಡಿ ಅನ್ನುವುದಕ್ಕೆ ನಾಲಿಗೆ ಏಳುತ್ತಿಲ್ಲ. ಬೇಡ ಅನ್ನುವುದಕ್ಕೂ ಏಳುತ್ತಿಲ್ಲ. ಅವನ ಶಾಲೆ ನಾನು ಆರಿಸಿದೆ. ಅವನ ಕೆಲಸ ನಾನು ಬೇಡ ಅಂದೆ, ಒಂದು ವರ್ಷ ಮಾತು ಬಿಟ್ಟೆ. ಅವನ ಹೆಂಡತಿಯನ್ನು ಮೊದಲು ನೋಡಿದವಳೂ ನಾನೇ. ಎಲ್ಲದರಲ್ಲೂ ನಂದೊಂದು ಮೂಗು. ಈಗ ಬೇಕಾದಾಗ ಮೂಗೂ ಇಲ್ಲ, ಬಾಯಿಯೂ ಇಲ್ಲ. ಹೆದರಿಕೆ ಆಗುತ್ತಿದೆ. ತಮ್ಮ ಸಾಯುತ್ತಾನೆ ಅಂತ ಹೆದರಿಕೆ.

ಮಾರ್ಚ್ 20, ಗುರುವಾರ. ಸಂಜೆ 4

ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಟಿ.ವಿ. ಮುಂದೆ ಕೂತೆವು. ನಿನ್ನೆಯ ಬೈಗುಳ ಅವನಿಗೆ ನೆನಪೇ ಇಲ್ಲದಂತೆ ಕುರ್ಚಿ ಸರಿಸಿ ಜಾಗ ಕೊಟ್ಟ.

ವೈರಿ ಬಂತು. ಅವನು ಎಲ್ಡು ಒತ್ತಿದ. ಸರದಿ ನನ್ನದು. ನಾನೂ ಎಲ್ಡು ಒತ್ತಿದೆ. ಜೀವನದಲ್ಲಿ ಮೊದಲ ಸಲ.

ತಿರುಗಿ ನೋಡಿದ. ಮತ್ತೆ ಒತ್ತಿದ. ನಾನು ಮತ್ತೆ ಒತ್ತಿದೆ. ಹಡಗು ಹಾಗೇ ನಿಂತಿದೆ, ವೈರಿಯೂ ನಿಂತಿದೆ, ನಾವಿಬ್ಬರೂ ಕ್ಯಾಪ್ಟನ್ ಕುರ್ಚಿಯನ್ನು ಅತ್ತ ಇತ್ತ ತಳ್ಳುತ್ತಿದ್ದೇವೆ. ಐದು ಸಲ. ಆರು ಸಲ. ಅವನಿಗೆ ಸಿಟ್ಟು ಬಂತು. ಹಿಡಿಕೆಯಿಂದ ನನ್ನ ಮೊಣಕಾಲಿಗೆ ಕುಟ್ಟಿದ. "ಎಲ್ಡು!"

"ಇಲ್ಲ ಕಣೋ," ಅಂದೆ. "ನಿನ್ ಹಡಗು. ನಾನ್ ಎಷ್ಟು ಸಲ ಕಿತ್ಕೊಂಡ್ರೂ ಅದು ನಿಂದೇ ಆಗಿತ್ತು. ಹೋಗೋದಾದ್ರೆ ಮನೆಗೆ ಹೋಗೋಣ, ನಾನೂ ಬಂದು ಇರ್ತೀನಿ. ಕಾದಾಡೋದಾದ್ರೆ ಕಾದಾಡು, ಬಾಗ್ಲಲ್ಲಿ ಕೂತಿರ್ತೀನಿ. ನೀನೇ ಹೇಳ್ಬೇಕು."

ಅತ್ತ. ನಾನೂ ಅತ್ತೆ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. ಕುತ್ತಿಗೆ ಹೊರಳಿಸಿ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೆಬ್ಬೆರಳು ಮೇಲಕ್ಕೆ ಸರಿಸಿದ. ನನ್ನತ್ತ ತಿರುಗಲಿಲ್ಲ. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಫಿಗ್ಟು," ಅಂದ. ಒತ್ತಿದ.

ಡಾಕ್ಟರಮ್ಮ ಬಂದರು, ಮಾತಿನ ಮೇಷ್ಟ್ರೂ ಬಂದರು. ಪದದ ಅರ್ಥ ಹೇಳಿದೆ. ಹನ್ನೆರಡಕ್ಕೆ, ಎರಡಕ್ಕೆ, ಮೂರೂವರೆಗೆ ತಿರುಗಿಸಿ ಮುರುಗಿಸಿ ಕೇಳಿದರು. ನನ್ನನ್ನು ಹೊರಗೆ ಕಳಿಸಿಯೂ ಕೇಳಿದರು. ಮೂರು ಸಲವೂ ಅದೇ. ತಮ್ಮನ ಹೆಂಡತಿ ರುಜು ಹಾಕಿದಳು.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 7.10

ತಲೆ ಬೋಳಿಸಿದ್ದಾರೆ. ಕಿವಿ ದೊಡ್ಡದಾಗಿ ಕಾಣುತ್ತದೆ. ಹೆಂಡತಿ ಅವನ ಕೈಗೆ ತನ್ನ ಕೆನ್ನೆ ಒತ್ತಿ ಏನೋ ಹೇಳಿದಳು, ನಾನು ದೂರ ಹೋಗಿ ನಿಂತೆ. ಆಮೇಲೆ ಅವಳೇ ಕರೆದಳು.

ತಲೆಯಲ್ಲಿ ಕೊರೆಯುತ್ತಿದ್ದದ್ದನ್ನೇ ಕೇಳಿದೆ. "ಎಲ್ಡು ಅಂದ್ರೆ ಏನು ಅಂತ ನಿಂಗೆ ಯಾವಾಗ ಗೊತ್ತಾಯ್ತೋ? ದೊಡ್ಡೋನಾದ ಮೇಲಾ?"

ಇಲ್ಲ ಎನ್ನುವಂತೆ ಕಣ್ಣು ಮುಚ್ಚಿದ. ಎಡಗೈ ಮಂಚದಿಂದ ಹೊರಗೆ ಚಾಚಿ, ಅಂಗೈ ನೆಲಕ್ಕೆ ಮಾಡಿ, ಒಂದು ಎತ್ತರ ತೋರಿಸಿದ. ನನ್ನ ಎದೆಗೂ ಬರುವುದಿಲ್ಲ. ಏಳು ವರ್ಷದವನ ಎತ್ತರ. ಶುರುವಿನಿಂದಲೇ.

ಅಷ್ಟು ಚಿಕ್ಕವನಿಗೆ ಆಡುವ ಆಸೆ ಇರಲಿಲ್ಲವೇ. ಎರಡು ವರ್ಷ ಗೋಡೆಗೊರಗಿ ಕೂತು ನನ್ನನ್ನು ನೋಡಿದ್ದು ಯಾಕೆ… ಕೇಳಬೇಕು. ವಾಪಸ್ ಬಂದ ಮೇಲೆ ಮೊದಲು ಅದನ್ನೇ ಕೇಳ—

ಆಪರೇಷನ್ನಿಗೆ ಒಯ್ಯುವ ಗಾಡಿ ಬಂತು. ಅವನ ಕೈ ಇನ್ನೂ ಆ ಎತ್ತರದಲ್ಲೇ